ಟ್ರ್ಯಾಕ್ಟರಿಗೆ ತಕ್ಕ ಟ್ರೇಲರ್: ಎಳೆಯೋ ಲೆಕ್ಕ ಬೇರೆ, ನಿಲ್ಲಿಸೋ ಲೆಕ್ಕ ಬೇರೆ

ನಮ್ಮ ಚಿಕ್ಕಜಾಜೂರು ಕಡೆ ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ಕೇಳೋದು ಎಷ್ಟು ಎಚ್.ಪಿ. ಅಂತ. ಎರಡನೇದು, ಎಷ್ಟು ಲೋಡು ಎಳೀತೈತೆ ಅಂತ. ಮೂರನೇ ಪ್ರಶ್ನೆ ಒಂದಿದೆ, ಅದನ್ನು ಕೇಳುವವರು ಕಡಿಮೆ. ಎಳೆದ ಲೋಡನ್ನು ಇಳಿಜಾರಿನಲ್ಲಿ ಎಷ್ಟು ದೂರದೊಳಗೆ ನಿಲ್ಲಿಸ್ತೈತೆ?

ಎತ್ತು ತರುವಾಗ ಹಲ್ಲು ನೋಡಿ, ಸುಳಿ ನೋಡಿ, ಜೋಡಿ ಸರಿ ಹೋಗುತ್ತಾ ಅಂತ ನೋಡಿ ತರುತ್ತಿದ್ದವರು ನಾವು. ಟ್ರ್ಯಾಕ್ಟರ್ ಬಂದ ಮೇಲೆ ಈ ಜೋಡಿ ನೋಡುವ ಬುದ್ಧಿ ಬಿಟ್ಟಿದ್ದೇವೆ. ಟ್ರ್ಯಾಕ್ಟರ್ ಷೋರೂಮಿನಿಂದ ಬರುತ್ತದೆ. ಟ್ರೇಲರ್ ವೆಲ್ಡಿಂಗ್ ಶಾಪಿನಿಂದ ಬರುತ್ತದೆ. ಎರಡೂ ಒಂದಕ್ಕೊಂದು ಹೊಂದುತ್ತವಾ ಅಂತ ಷೋರೂಮಿನವರೂ ಹೇಳೋಲ್ಲ, ವೆಲ್ಡಿಂಗಿನವರೂ ಹೇಳೋಲ್ಲ. ಹೊಂದದಿದ್ದರೆ ಅನುಭವಿಸೋದು ಸೀಟಿನ ಮೇಲೆ ಕೂತ ಹುಡುಗ, ಲೋಡಿನ ಮೇಲೆ ಕೂತ ಕೂಲಿ ಹೆಣ್ಣುಮಕ್ಕಳು.

ಹೊರದೇಶಗಳಲ್ಲಿ ಜೀಪಿನಂಥ ಗಾಡಿ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅಲ್ಲಿ ಪ್ರತಿ ಗಾಡಿಯ ಪುಸ್ತಕದಲ್ಲಿ ಎಷ್ಟು ತೂಕ ಎಳೆಯಬಹುದು, ಕೊಂಡಿ ಮೇಲೆ ಎಷ್ಟು ಭಾರ ಬೀಳಬಹುದು ಅಂತ ಅಚ್ಚಾಗಿರುತ್ತದೆ. ಅದನ್ನು ನೋಡಿಯೇ ಟ್ರೇಲರ್ ಕೊಳ್ಳುತ್ತಾರೆ. ಅವರ ಪ್ರವಾಸಕ್ಕೆ ಬೇಕಾದ ಲೆಕ್ಕ ನಮ್ಮ ಬದುಕಿಗೆ ಬೇಡವೇ?

ಒಂದೇ ಪೆಟ್ಟಿಗೆ, ಹಲವು ತೂಕ

ನಾವು ಲೋಡನ್ನು ಕಣ್ಣಳತೆಯಲ್ಲಿ ಅಳೆಯುತ್ತೇವೆ. ಪೆಟ್ಟಿಗೆ ತುಂಬಿದರೆ ಒಂದು ಲೋಡು. ಆದರೆ ಪೆಟ್ಟಿಗೆ ಹೇಳೋದು ಅಳತೆ, ತೂಕವಲ್ಲ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್ ತಗೊಳ್ಳಿ. ಅದು 120 ಘನ ಅಡಿ. ಅಂಚಿಗೆ ಸಮನಾಗಿ ತುಂಬಿದರೆ ಒಳಗಿನ ಮಾಲಿನ ತೂಕ ಸುಮಾರು ಹೀಗೆ ಬರುತ್ತದೆ:

ಶೇಂಗಾ ಕಾಯಿ: 9 ಕ್ವಿಂಟಾಲ್
ತಿಪ್ಪೆ ಗೊಬ್ಬರ: 18ರಿಂದ 24 ಕ್ವಿಂಟಾಲ್
ಈರುಳ್ಳಿ: 20 ಕ್ವಿಂಟಾಲ್
ಮೆಕ್ಕೆಜೋಳದ ಕಾಳು: 24 ಕ್ವಿಂಟಾಲ್
ಹಸಿ ಇರುವ ಕೆರೆ ಗೋಡು, ಮರಳು: 54 ಕ್ವಿಂಟಾಲ್, ಕೆಲವು ಸಲ ಅದಕ್ಕೂ ಹೆಚ್ಚು

ಶೇಂಗಾಕ್ಕೂ ಗೋಡಿಗೂ ಆರು ಪಟ್ಟು ವ್ಯತ್ಯಾಸ. ಬೇಸಿಗೆಯಲ್ಲಿ ಕೆರೆ ಗೋಡು ಹೊಲಕ್ಕೆ ಹೊಡೆಯುವುದು ನಮ್ಮಂಥ ಮಳೆ ಆಶ್ರಯದ ರೈತರಿಗೆ ದೊಡ್ಡ ಕೆಲಸ. ಅಪಾಯದ ಲೋಡೂ ಅದೇ. ಜೆಸಿಬಿಯವನು ನಾಲ್ಕು ಬಕೆಟ್ ಸುರಿದು "ಹೊಡಿ ಅಣ್ಣ, ಹೋಗ್ತೈತೆ" ಅಂತಾನೆ. ಹೋಗೋದು ನಿಜ. ನಿಲ್ಲೋದೇ ಪ್ರಶ್ನೆ.

ನಿಲ್ಲಿಸುವ ಲೆಕ್ಕ

35 ಎಚ್.ಪಿ. ಆಸುಪಾಸಿನ ಟ್ರ್ಯಾಕ್ಟರಿನ ತೂಕ 1,700ರಿಂದ 1,900 ಕಿಲೊ. ಲೆಕ್ಕಕ್ಕೆ 1,800 ಅಂತ ಇಟ್ಟುಕೊಳ್ಳೋಣ. ಖಾಲಿ ಟ್ರೇಲರ್ 1,200 ಕಿಲೊ. ನಮ್ಮ ಕಡೆಯ ಬಹಳ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಅಂದರೆ ಹಿಂದಿನ ಅಷ್ಟೂ ತೂಕವನ್ನು ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿಗಳೇ ತಡೆದು ನಿಲ್ಲಿಸಬೇಕು.

ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರುವ ಖಾಲಿ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ ಮೇಲೆ 20 ಅಡಿಯಲ್ಲಿ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. ಅದೇ ಬ್ರೇಕು ಹಿಂದಿನ ಲೋಡನ್ನೂ ಹಿಡಿಯಬೇಕಾದರೆ:

30 ಕ್ವಿಂಟಾಲ್ ಮೆಕ್ಕೆಜೋಳ, ಸಮ ರಸ್ತೆ: 65 ಅಡಿ
ಅದೇ ಲೋಡು, 20 ಅಡಿಗೆ 1 ಅಡಿ ಇಳಿಯುವ ಇಳಿಜಾರು: 110 ಅಡಿ
54 ಕ್ವಿಂಟಾಲ್ ಗೋಡು, ಸಮ ರಸ್ತೆ: 90 ಅಡಿ
ಅದೇ ಗೋಡು, ಅದೇ ಇಳಿಜಾರು: 215 ಅಡಿ

ಕಂಡು, ಕಾಲು ಪೆಡಲಿಗೆ ಹೋಗೋಷ್ಟರಲ್ಲಿ ಒಂದು ಸೆಕೆಂಡ್ ಹಿಡಿದರೂ ಇನ್ನೂ 23 ಅಡಿ ಸೇರಿಸಿ. ಕೊಂಡಿ ಮೇಲೆ ಬಿದ್ದ ಭಾರ ಹಿಂದಿನ ಗಾಲಿಯನ್ನು ನೆಲಕ್ಕೆ ಒತ್ತಿ ಸ್ವಲ್ಪ ಅನುಕೂಲ ಮಾಡುತ್ತದೆ. ಆದರೆ ಒದ್ದೆ ರಸ್ತೆ, ಸವೆದ ಟೈರು ಆ ಅನುಕೂಲವನ್ನು ಕಿತ್ತುಕೊಳ್ಳುತ್ತವೆ.

ಇನ್ನು 10 ಅಡಿಗೆ 1 ಅಡಿ ಇಳಿಯುವ ಕೆರೆ ಏರಿಯ ಇಳಿಜಾರು. ಅಲ್ಲಿ 54 ಕ್ವಿಂಟಾಲ್ ಗೋಡು ಇದ್ದರೆ ಈ ಲೆಕ್ಕದ ಪ್ರಕಾರ ಅದು ನಿಲ್ಲುವುದೇ ಇಲ್ಲ. ಬ್ರೇಕ್ ಒತ್ತಿದರೂ ಲೋಡು ಟ್ರ್ಯಾಕ್ಟರನ್ನು ತಳ್ಳಿಕೊಂಡು ಹೋಗುತ್ತದೆ. ಸ್ಟೇರಿಂಗ್ ಒಂದಿಷ್ಟು ವಾರೆಯಾಗಿದ್ದರೆ ಟ್ರೇಲರ್ ಪಕ್ಕಕ್ಕೆ ಒತ್ತಿ ಟ್ರ್ಯಾಕ್ಟರನ್ನು ಮಗುಚುತ್ತದೆ. "ಬ್ರೇಕ್ ಫೇಲಾಯ್ತು" ಅಂತ ಜನ ಮಾತಾಡುವಾಗ ಎಷ್ಟೋ ಸಲ ಬ್ರೇಕು ಸರಿಯಾಗೇ ಇರುತ್ತದೆ. ಅದರ ಕೈಲಾಗದ ಭಾರ ಹೊರಿಸಿರುತ್ತೇವೆ ಅಷ್ಟೆ.

ನಮ್ಮದು ರೈಲ್ವೆ ಜಂಕ್ಷನ್ ಊರು. ಬೆಂಗಳೂರು–ಹುಬ್ಬಳ್ಳಿ ಲೈನಿನಿಂದ ಚಿತ್ರದುರ್ಗ, ರಾಯದುರ್ಗದ ಕಡೆ ಲೈನು ಒಡೆಯುವುದು ಇಲ್ಲೇ. ನಿಂತ ಗೂಡ್ಸ್ ಗಾಡಿ ನೋಡಿ. ವ್ಯಾಗನ್ನಿನಿಂದ ವ್ಯಾಗನ್ನಿಗೆ ಗಾಳಿ ಪೈಪು ಕೂಡಿಸಿರುತ್ತಾರೆ. ಬ್ರೇಕು ಬರೀ ಎಂಜಿನ್ನಿಗೆ ಅಲ್ಲ, ಹಿಂದಿನ ವ್ಯಾಗನ್ನುಗಳಿಗೂ ಇರುತ್ತದೆ. ಎಂಜಿನ್ ಒಂದೇ ಎಳೆಯಬಹುದು, ಒಂದೇ ನಿಲ್ಲಿಸಲಾರದು ಅಂತ ರೈಲ್ವೆಯವರಿಗೆ ಗೊತ್ತು.

ಬ್ರೇಕಿಲ್ಲದ ಟ್ರೇಲರಿನ ಒಟ್ಟು ತೂಕ, ಅಂದರೆ ಟ್ರೇಲರ್ ಮತ್ತು ಮಾಲು ಸೇರಿ, ಟ್ರ್ಯಾಕ್ಟರ್ ತೂಕದ ಒಂದೂವರೆ ಪಟ್ಟು ದಾಟಬಾರದು ಅಂತ ಅಮೆರಿಕದ ಕೃಷಿ ಯಂತ್ರ ಸುರಕ್ಷತೆಯ ಸೂಚನೆಗಳಲ್ಲಿದೆ. 1,800 ಕಿಲೊ ಟ್ರ್ಯಾಕ್ಟರಿಗೆ ಅದು 2,700 ಕಿಲೊ. ಟ್ರೇಲರಿನ 1,200 ಕಳೆದರೆ ಮಾಲು ಉಳಿಯೋದು 15 ಕ್ವಿಂಟಾಲ್ ಮಾತ್ರ. ಇದನ್ನು ಓದಿ ಹಲವರು ನಗಬಹುದು. ನಗುವ ಮೊದಲು ಮೇಲಿನ ಅಡಿ ಲೆಕ್ಕ ಇನ್ನೊಮ್ಮೆ ನೋಡಿ. 15ಕ್ಕಿಂತ ಹೆಚ್ಚು ಹೇರಲೇಬೇಕು ಅನ್ನುವವರು ಟ್ರೇಲರಿಗೆ ಬ್ರೇಕ್ ಹಾಕಿಸಬೇಕು.

ಎಳೆಯುವ ಲೆಕ್ಕ ಮೋಸ ಮಾಡುತ್ತೆ

ಟ್ರ್ಯಾಕ್ಟರ್, ಟ್ರೇಲರ್, 30 ಕ್ವಿಂಟಾಲ್ ಮಾಲು ಸೇರಿ 6 ಟನ್. ಸಮನಾದ ಡಾಂಬರು ರಸ್ತೆಯಲ್ಲಿ ಇದನ್ನು ಎಳೆಯಲು ಬೇಕಾದ ಬಲ ಸುಮಾರು 150 ಕಿಲೊ ಮಾತ್ರ. ಯಾವ ಟ್ರ್ಯಾಕ್ಟರಾದರೂ ಎಳೆಯುತ್ತದೆ. ಅದಕ್ಕೇ ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ಹೊಡೆಯುವಾಗ ಇನ್ನೂ ಹತ್ತು ಚೀಲ ಹಾಕು ಅನ್ನಿಸೋದು.

ಅದೇ 6 ಟನ್ ಕೆರೆ ಅಂಗಳದಿಂದ ಮೇಲೇರಬೇಕಾದರೆ? ಮೆತ್ತನೆ ಮಣ್ಣು ಟನ್ನಿಗೆ 100 ಕಿಲೊ ತಿನ್ನುತ್ತದೆ. ಹತ್ತಕ್ಕೊಂದು ಏರು ಇನ್ನು 100 ಕಿಲೊ ತಿನ್ನುತ್ತದೆ. ಒಟ್ಟು 1,200 ಕಿಲೊ ಬಲ ಬೇಕು. ಹಿಂದಿನ ಗಾಲಿಗಳ ಮೇಲೆ ಎರಡು ಟನ್ ಭಾರ ಇದ್ದರೂ ಮಣ್ಣಿನಲ್ಲಿ ಟೈರಿಗೆ ಸಿಗುವ ಹಿಡಿತ ಅದರ ಅರ್ಧ, ಅಂದರೆ 1,000 ಕಿಲೊ. ಗಾಲಿ ಅಲ್ಲೇ ತಿರುಗುತ್ತದೆ. ಎಚ್.ಪಿ. ಎಷ್ಟಿದ್ದರೂ ಟೈರಿಗೆ ಹಿಡಿತ ಇಲ್ಲದಿದ್ದರೆ ಏರು ಹತ್ತುವುದಿಲ್ಲ.

ಆಗ ಕೆಲವರು ಮಾಡುವ ಕೆಲಸ ಕೊಂಡಿಯನ್ನು ಎತ್ತರಕ್ಕೆ, ಟಾಪ್ ಲಿಂಕಿನ ಜಾಗಕ್ಕೆ ಕಟ್ಟೋದು. ಇದನ್ನು ಯಾವತ್ತೂ ಮಾಡಬೇಡಿ. ಎಳೆತ ಹಿಂದಿನ ಅಚ್ಚಿಗಿಂತ ಮೇಲೆ ಹೋದರೆ ಟ್ರ್ಯಾಕ್ಟರ್ ಮುಂಗಾಲು ಎತ್ತಿ ಹಿಂದಕ್ಕೆ ಮಗುಚುತ್ತದೆ. ಹಾರಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ಮುಂಭಾರ, ಹಿಂಭಾರ

ಇದು ಎತ್ತಿನಗಾಡಿ ಹೂಡಿದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲು ಅರೆಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ.

ಹಿಂಭಾರವಾದರೆ ಕೊಂಡಿ ಟ್ರ್ಯಾಕ್ಟರಿನ ಹಿಂದನ್ನು ಮೇಲಕ್ಕೆ ಎತ್ತುತ್ತದೆ. ಹಿಂದಿನ ಟೈರಿಗೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ರಸ್ತೆಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ತೀರಾ ಮುಂಭಾರವಾದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಕೇಳುವುದಿಲ್ಲ. ಕೊಂಡಿ ಮೇಲೆ 100 ಕಿಲೊ ಬಿದ್ದರೆ ಮುಂದಿನ ಗಾಲಿಗಳಿಂದ 35–40 ಕಿಲೊ ಇಳಿಯುತ್ತದೆ. ಟ್ರ್ಯಾಕ್ಟರ್ ತೂಕದಲ್ಲಿ ಐದನೇ ಒಂದು ಭಾಗವಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಲೇಬೇಕು. ಪ್ರವಾಸದ ಟ್ರೇಲರಿಗೆ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಕೊಂಡಿ ಮೇಲೆ ಬೀಳಲಿ ಅನ್ನುತ್ತಾರೆ. ನಮ್ಮ ಟ್ರೇಲರಿಗೂ ಅದಕ್ಕಿಂತ ಕಡಿಮೆ ಆಗುವುದು ಬೇಡ.

ವೇಬ್ರಿಡ್ಜ್‌ನಲ್ಲಿ ಮೂರು ತೂಕ

ಅಂದಾಜು ಬಿಟ್ಟು ಒಂದು ಸಲ ತೂಕ ಹಾಕಿಸಿ. ಮಾಲು ಮಾರಲು ಹೋದ ದಿನವೇ ಆಗುತ್ತದೆ.

1. ಟ್ರ್ಯಾಕ್ಟರ್, ತುಂಬಿದ ಟ್ರೇಲರ್ ಎರಡೂ ಸೇರಿ. ನಮ್ಮ ಉದಾಹರಣೆಯಲ್ಲಿ 6,000 ಕಿಲೊ.
2. ಕೊಂಡಿ ಬಿಚ್ಚದೆ ಟ್ರ್ಯಾಕ್ಟರನ್ನು ಮುಂದಕ್ಕೆ ಇಳಿಸಿ, ಟ್ರೇಲರಿನ ಗಾಲಿ ಮಾತ್ರ ಮೇಲಿರಲಿ. 3,500 ಕಿಲೊ ಬಂತು ಅನ್ನಿ.
3. ಮಾಲು ಇಳಿಸಿದ ಮೇಲೆ ಕೊಂಡಿ ಬಿಚ್ಚಿ ಟ್ರ್ಯಾಕ್ಟರ್ ಒಂದನ್ನೇ. 1,800 ಕಿಲೊ.

ಒಂದನೇದರಲ್ಲಿ ಮೂರನೇದು ಕಳೆದರೆ 4,200. ಇದು ಟ್ರೇಲರಿನ ಒಟ್ಟು ತೂಕ. ಅದರಲ್ಲಿ 3,500 ಕಳೆದರೆ 700. ಇದು ಕೊಂಡಿ ಮೇಲಿನ ಭಾರ, ಒಟ್ಟಿನಲ್ಲಿ ಆರನೇ ಒಂದು ಭಾಗ. ಈ ಮೂರು ಚೀಟಿ ಜೋಪಾನವಾಗಿ ಇಟ್ಟುಕೊಂಡರೆ ಮುಂದೆ ಯಾವ ಮಾಲು ಎಷ್ಟು ಹೇರಬಹುದು ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು.

ಟ್ರೇಲರ್ ಮಾಡಿಸುವವರಿಗೆ

ಟ್ರ್ಯಾಕ್ಟರಿನ ಪುಸ್ತಕದಲ್ಲಿರುವ ತೂಕ ನೋಡಿ ಪೆಟ್ಟಿಗೆ ಅಳತೆ ಹೇಳಿ. ಪಕ್ಕದವರ ಟ್ರೇಲರ್ ನೋಡಿ ಹೇಳಬೇಡಿ. ಅವರದು 50 ಎಚ್.ಪಿ. ಇರಬಹುದು.

ಬ್ರೇಕು ಮಾಡಿಸುವಾಗಲೇ ಹಾಕಿಸಿ. ಟ್ರ್ಯಾಕ್ಟರಿಗೆ ಕೂಡಿಸುವ ಹೈಡ್ರಾಲಿಕ್ ಬ್ರೇಕಿದೆ, ಗಾಳಿ ಬ್ರೇಕಿದೆ. ಟ್ರೇಲರ್ ಮುಂದಕ್ಕೆ ತಳ್ಳಿದಾಗ ತಾನೇ ಹಿಡಿಯುವ ಬ್ರೇಕೂ ಇದೆ.

ಟೈರಿನ ಪಕ್ಕದಲ್ಲಿ ತಡೆಯುವ ತೂಕ, ಗಾಳಿ ಎಷ್ಟು ಅಂತ ಬರೆದಿರುತ್ತದೆ. ಹಳೇ ಲಾರಿ ಟೈರು ಹಾಕಿಸುವವರು ಅದನ್ನು ಓದಿ ಹಾಕಿಸಿ.

ಗೋಡು, ಮರಳು ಹೊಡೆಯುವವರು ಪೆಟ್ಟಿಗೆ ಒಳಗೆ ತಳದಿಂದ ಒಂದು ಅಡಿ ಎತ್ತರಕ್ಕೆ ಕೆಂಪು ಬಣ್ಣದ ಗೆರೆ ಹೊಡೆಸಿ. 60 ಚದರ ಅಡಿ ತಳದ ಟ್ರೇಲರಿನಲ್ಲಿ ಆ ಗೆರೆವರೆಗೆ ಹಸಿ ಗೋಡು ತುಂಬಿದರೆ 27 ಕ್ವಿಂಟಾಲ್. ಬ್ರೇಕಿಲ್ಲದ ಟ್ರೇಲರಾದರೆ ಗೆರೆ ಅರ್ಧ ಅಡಿಗೇ ಇರಲಿ. ಜೆಸಿಬಿಯವನ ಹತ್ತಿರ ವಾದ ಮಾಡಬೇಕಾಗಿಲ್ಲ, ಗೆರೆ ತೋರಿಸಿದರೆ ಸಾಕು.

ಹೊಲದಲ್ಲಿ ತಿರುಗಿಸಲು ಬಿಡಿಸಿದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮುಂಚೆ ಲಾಕ್ ಮಾಡಿ ಒಂದು ಮಾಡಬೇಕು. ಒಂದೇ ಪೆಡಲು ಬಿದ್ದರೆ ಟ್ರ್ಯಾಕ್ಟರ್ ಒಂದೇ ಕಡೆ ಎಳೆದು ಮಗುಚುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ.

ಟ್ರೇಲರಿನ ನೋಂದಣಿ, ವಿಮೆ ಟ್ರ್ಯಾಕ್ಟರಿಂದ ಬೇರೆ. ಅದರ ಆರ್.ಸಿ.ಯಲ್ಲಿ ಬರೆದ ತೂಕ ದಾಟಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಅಂತಿದೆ. ಲೋಡಿನ ಮೇಲೆ ಜನರನ್ನು ಕೂರಿಸಿ ಏನಾದರೂ ಆದರೆ ವಿಮೆ ಕೈಗೆ ಬರುವುದು ಕಷ್ಟ. ಹೊಲ ಮಾರುವ ಪರಿಸ್ಥಿತಿ ಬರಬಹುದು.

ಕಡಿಮೆ ಹೇರಿದರೆ ಸುತ್ತು ಹೆಚ್ಚಾಗುತ್ತೆ, ಡೀಸೆಲ್ ಯಾರು ಕೊಡ್ತಾರೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೆರೆ ಎರಡು ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು ಒಂದು ಲೀಟರಿನ ಆಸುಪಾಸು ಬೇಕು. ಎರಡು ಸುತ್ತಿನದನ್ನು ಮೂರು ಸುತ್ತು ಮಾಡಿದರೆ ಖರ್ಚು ಹೆಚ್ಚೇ. ಆದರೆ ಅತಿ ಹೇರಿ ಕ್ಲಚ್ ಪ್ಲೇಟ್ ಸುಟ್ಟರೆ, ಟ್ರೇಲರಿನ ಅಚ್ಚು ಬಾಗಿದರೆ, ಆ ಬೇಸಿಗೆಯ ಡೀಸೆಲ್ ಉಳಿತಾಯವೆಲ್ಲ ಒಂದೇ ದಿನ ಮೆಕ್ಯಾನಿಕ್ ಪಾಲಾಗುತ್ತದೆ. ಕೈಕಾಲು ಹೋದರೆ ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ.

ಸಣ್ಣ ಟ್ರ್ಯಾಕ್ಟರಿನ ಟ್ರೇಲರಿಗೆ ಬ್ರೇಕ್ ಹಾಕಿಸಿಕೊಂಡಿರುವ ರೈತರು ಯಾರಾದರೂ ಇದ್ದರೆ ಎಂಥದು ಹಾಕಿಸಿದಿರಿ, ಎಷ್ಟು ಖರ್ಚು ಬಂತು, ಕೆಸರಿನಲ್ಲಿ ಎಷ್ಟು ದಿನ ಬಾಳಿತು ಅಂತ ಪತ್ರಿಕೆಗೆ ಬರೆದು ತಿಳಿಸಿ. ಈ ಬೇಸಿಗೆಯ ಗೋಡು ಹೊಡೆಯುವ ಮುಂಚೆ ಗೊತ್ತಾದರೆ ನಮ್ಮಂಥ ಹಲವರಿಗೆ ಅನುಕೂಲ.