ಬೋನಾಳದ ಕೈಪಿಡಿ ಯಾರ ಕೈ ಸೇರಬೇಕು?

ಯಾದಗಿರಿ ಜಿಲ್ಲೆಯ ಸುರಪುರದ ಸಮೀಪ, ಹಕ್ಕಿಗಳು ಬಂದಿಳಿಯುವ ಬೋನಾಳ ಕೆರೆಯ ಬಗ್ಗೆ ಒಂದು ಪ್ರವಾಸಿ ಕೈಪಿಡಿ ಬಂದರೆ ಅದನ್ನು ಕೊಳ್ಳುವವರು ಯಾರು? ಇಂಥ ಹಸ್ತಪ್ರತಿಯನ್ನು ಕಂಡ ಯಾವ ಪ್ರಕಾಶಕರಾದರೂ ಕೇಳುವ ಮೊದಲ ಪ್ರಶ್ನೆ ಇದು. ಹಂಪಿ, ಬಾದಾಮಿಗಾದರೆ ಓದುಗರಿದ್ದಾರೆ, ಸಗರನಾಡಿನ ಒಂದು ಕೆರೆಗೆ ಎಲ್ಲಿಂದ ಬರಬೇಕು? ಹೀಗಾಗಿ ಬರೆದವರೇ ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಬೇಕಾಗುತ್ತದೆ. ಆಮೇಲೆ ನಡೆಯುವುದು ನಮಗೆಲ್ಲ ಗೊತ್ತಿರುವ ಕ್ರಮ: ಒಂದು ಬಿಡುಗಡೆ ಸಮಾರಂಭ, ಶಾಲು-ಹಾರ, ಗೌರವ ಪ್ರತಿಗಳ ಹಂಚಿಕೆ, ಉಳಿದ ಕಟ್ಟುಗಳು ಅಟ್ಟಕ್ಕೆ. ಇಂಥ ಪುಸ್ತಕ ಸೋಲುವುದು ವಿಷಯ ಸಣ್ಣದಾದ ಕಾರಣಕ್ಕಲ್ಲ, ಎಲ್ಲರಿಗೂ ಮಾರಲು ಹೊರಡುವ ಕಾರಣಕ್ಕೆ ಎಂಬುದು ನನ್ನ ವಾದ. ಸಣ್ಣ ವಿಷಯದ ಓದುಗರು ಸಂಖ್ಯೆಯಲ್ಲಿ ಕಡಿಮೆ, ನಿಜ. ಆದರೆ ಅವರು ಈಗಾಗಲೇ ಸಂಘ ಕಟ್ಟಿಕೊಂಡು, ಪತ್ರಿಕೆ ನಡೆಸಿಕೊಂಡು, ವರ್ಷಕ್ಕೊಮ್ಮೆ ಕಲೆತುಕೊಂಡು ಇರುವವರು. ಪುಸ್ತಕ ಅವರಿದ್ದಲ್ಲಿಗೆ ಹೋಗಬೇಕು.

ಇದು ಬರೀ ಆಸೆಯ ಮಾತಲ್ಲ. 1955ರಲ್ಲಿ ಇಂಗ್ಲೆಂಡಿನ ಕೆಂಡಾಲ್ ಪಟ್ಟಣದ ಆಲ್ಫ್ರೆಡ್ ವೇನ್‌ರೈಟ್ ಎಂಬ ಪುರಸಭೆಯ ಲೆಕ್ಕಾಧಿಕಾರಿ ತನ್ನ ಸುತ್ತಲಿನ ಬೆಟ್ಟಗಳ ಕೈಪಿಡಿಯನ್ನು, ಒಂದೊಂದು ಪುಟವನ್ನೂ ಕೈಬರಹದಲ್ಲೇ ಸಿದ್ಧಪಡಿಸಿ, ಸ್ವಂತವಾಗಿ ಪ್ರಕಟಿಸಿದ. ಮೊದಲ ಮುದ್ರಣ 2000 ಪ್ರತಿ. ಮುದ್ರಕರಿಗೆ ಕೊಡಲು ಪೂರ್ತಿ ಹಣವಿರಲಿಲ್ಲ, ಮಾರಾಟವಾದಂತೆ ತೀರಿಸುವ ಒಪ್ಪಂದವಾಯಿತು. ಪ್ರಚಾರ ಮತ್ತು ವಿತರಣೆಗೆ ಹೆಗಲು ಕೊಟ್ಟವನು ಅದೇ ಊರಿನ ಗ್ರಂಥಪಾಲಕ ಹೆನ್ರಿ ಮಾರ್ಷಲ್. ಬೆಟ್ಟ ಹತ್ತುವವರ ಕೈಗೆ ನೇರವಾಗಿ ತಲುಪಿದ ಆ ಸರಣಿ ಏಳು ಸಂಪುಟಗಳಿಗೆ ಬೆಳೆದು ಇಂದಿಗೂ ಮಾರಾಟದಲ್ಲಿದೆ. ಲೋನ್ಲಿ ಪ್ಲಾನೆಟ್ ಸಂಸ್ಥೆಯೂ ಹುಟ್ಟಿದ್ದು 1973ರಲ್ಲಿ ಗಂಡ-ಹೆಂಡತಿ ಸೇರಿ ಮನೆಯಲ್ಲೇ ಮಡಚಿ, ಪಿನ್ ಹೊಡೆದು, ಸಿಡ್ನಿಯ ಪುಸ್ತಕದಂಗಡಿಗಳಿಗೆ ತಾವೇ ಹೊತ್ತೊಯ್ದ ಪುಸ್ತಕದಿಂದ. ಹೊತ್ತೊಯ್ಯುವ ಈ ಕೆಲಸ ನಮಗೂ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಊರೂರಿಗೆ ಹೊತ್ತು ಮಾರಿದವರು. ಇನ್ನು ಹಕ್ಕಿಗಳ ಕೈಪಿಡಿಯನ್ನು ಕನ್ನಡದಲ್ಲಿ ಯಾರು ಕೊಳ್ಳುತ್ತಾರೆ ಎಂಬ ಅನುಮಾನಕ್ಕೆ ತೇಜಸ್ವಿಯವರ 'ಹಕ್ಕಿ ಪುಕ್ಕ' ಎಂದೋ ಉತ್ತರ ಕೊಟ್ಟಿದೆ.

ಹಾಗಾದರೆ ಬೋನಾಳದ ಓದುಗರು ಎಲ್ಲಿದ್ದಾರೆ? ಮೊದಲನೆಯವರು ಹಕ್ಕಿ ನೋಡುವವರು. ಸುರಪುರದ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಣ್ಣದ ಕೊಕ್ಕರೆ, ಕೆನ್ನೀಲಿ ಬಕ, ಕರಿ ಕೆಂಬರಲುಗಳೂ ಇಲ್ಲಿವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿರುವುದರಿಂದ ಈ ಹಕ್ಕಿಯ ಹಾದಿ ಹಿಡಿದ ಆಸಕ್ತರು ಹೊರದೇಶಗಳಲ್ಲೂ ಇದ್ದಾರೆ. ಎರಡನೆಯ ಬಳಗ ಇತಿಹಾಸದ್ದು, ಇದು ಇನ್ನೂ ಶ್ರೀಮಂತ. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಾಲದಲ್ಲಿ ಬೋನಾಳ ಕೆರೆ ವಿಸ್ತಾರಗೊಂಡಿತು. ಸುರಪುರ ಸಂಸ್ಥಾನದ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಅವನು ಬರೆದ ಲೇಖನಗಳನ್ನು ವಿದ್ವಾಂಸರು ಇಂದಿಗೂ ತಿರುವಿಹಾಕುತ್ತಾರೆ, 1877ರಲ್ಲಿ ಹೊರಬಂದ ಅವನ ಆತ್ಮಕಥೆಗೆ ಬ್ರಿಟನ್ನಿನಲ್ಲಿ ಈಗಲೂ ಓದುಗರಿದ್ದಾರೆ. ಶಹಾಪುರ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಗಟ್ಟಿ ನಿಲ್ಲಿಸಿದ ಕಲ್ಲುಗಳಿವೆ. ಇದೇ ಸೀಮೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದ ಕಲ್ಲಿನ ಉಪಕರಣಗಳ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಕಾಲನಿರ್ಣಯವಾಗಿದೆ. ಆದಿಮಾನವನನ್ನು ಓದುವ ಯಾವ ದೇಶದ ವಿದ್ಯಾರ್ಥಿಗೂ ಹುಣಸಗಿ ಅಪರಿಚಿತ ಹೆಸರಲ್ಲ. ಅಲ್ಲಿಗೆ ಹೋಗುವ ದಾರಿ ಹೇಳುವ ಪುಸ್ತಕ ಮಾತ್ರ ಅವನಿಗೆ ಬೇಕು.

ಊರಿನ ಮಾರಾಟ ಶುರುವಾಗಬೇಕಾದದ್ದು ಬೆಂಗಳೂರಿನಿಂದಲ್ಲ, ಯಾದಗಿರಿ, ಕಲಬುರಗಿ, ರಾಯಚೂರಿನ ಶಾಲೆ-ಕಾಲೇಜುಗಳಿಂದ. ವರ್ಷವೂ ಮಕ್ಕಳನ್ನು ದೂರದೂರದ ಊರುಗಳಿಗೆ ಕರೆದೊಯ್ಯುವ ಮೇಷ್ಟ್ರಿಗೆ, ಒಂದೇ ದಿನದಲ್ಲಿ ಬೋನಾಳ, ವಾಗಿನಗೇರಿ ಕೋಟೆ, ತಿಂಥಣಿ ಮೌನೇಶ್ವರ ನೋಡಿ ಬರಬಹುದೆಂದು ಬಸ್ಸಿನ ದಾರಿಸಹಿತ ತಿಳಿಸಿದರೆ, ಆ ಒಂದು ಪುಟವೇ ಪ್ರಚಾರ. ಸಾಹಿತ್ಯ ಸಮ್ಮೇಳನದ ಮಳಿಗೆ, ಸುರಪುರ-ಶಹಾಪುರದ ಪುಸ್ತಕದಂಗಡಿ, ಯಾದಗಿರಿ ರೈಲು ನಿಲ್ದಾಣದ ಸುತ್ತಲಿನ ವಸತಿಗೃಹಗಳ ಮೇಜು, ಇವೆಲ್ಲ ಆಮೇಲಿನವು. ಐಎಸ್‌ಬಿಎನ್ ನಮ್ಮಲ್ಲಿ ಉಚಿತವಾಗಿ ಸಿಗುತ್ತದೆ, ಅದಿಲ್ಲದೆ ಅಚ್ಚು ಹಾಕಿಸಬಾರದು. ಗ್ರಂಥಾಲಯಗಳ ಸಗಟು ಖರೀದಿಯನ್ನೇ ನಂಬಿ ಸಾವಿರ ಪ್ರತಿ ಹಾಕಿಸುವುದಂತೂ ಬೇಡ. ಮುನ್ನೂರು ಹಾಕಿಸಿ, ಮುಗಿದಾಗ ತಿದ್ದಿ ಮತ್ತೆ ಹಾಕಿಸುವುದೇ ಕೈಪಿಡಿಗೆ ತಕ್ಕ ಕ್ರಮ. ಬಸ್ಸಿನ ವೇಳೆ, ಕೆರೆಯ ನೀರು ಎರಡೂ ಬದಲಾಗುವಂಥವು.

ಹೊರದೇಶಕ್ಕೆ ಇದೇ ಪುಸ್ತಕ ಅಂಚೆಯಲ್ಲಿ ಹೋದರೆ ಅಂಚೆವೆಚ್ಚವೇ ಬೆಲೆಯನ್ನು ಮೀರುತ್ತದೆ. ಅಲ್ಲಿಗೆ ಇ-ಪುಸ್ತಕ ಅಥವಾ ಬೇಡಿಕೆ ಬಂದಷ್ಟೇ ಅಚ್ಚಾಗುವ ಇಂಗ್ಲಿಷ್ ಆವೃತ್ತಿ ಬೇಕು. ಅದು ಕನ್ನಡದ್ದರ ಅನುವಾದವಾದರೆ ಸಾಲದು, ಯಾದಗಿರಿಯಲ್ಲಿ ರೈಲಿಳಿದವನು ಸುಮಾರು 50 ಕಿ.ಮೀ. ದೂರದ ಸುರಪುರಕ್ಕೆ ಹೇಗೆ ಬರಬೇಕೆಂಬಲ್ಲಿಂದ ಶುರುವಾಗಬೇಕು. ವಿಮರ್ಶೆಗೆ ಪ್ರತಿ ಕಳಿಸಬೇಕಾದದ್ದು ದೊಡ್ಡ ಪತ್ರಿಕೆಗಳಿಗಲ್ಲ. ಬ್ರಿಟನ್ನಿನ ಓರಿಯೆಂಟಲ್ ಬರ್ಡ್ ಕ್ಲಬ್ ಏಷ್ಯಾದ ಹಕ್ಕಿಗಳಿಗಾಗಿಯೇ ಪತ್ರಿಕೆ ನಡೆಸುತ್ತದೆ. ದಕ್ಷಿಣ ಏಷ್ಯಾದ ಯುರೋಪಿಯನ್ ಸಮಾಧಿಗಳ ಅಧ್ಯಯನಕ್ಕೆ 1976ರಲ್ಲಿ ಹುಟ್ಟಿದ ಸಂಘದ 'ಚೌಕಿದಾರ್' ಪತ್ರಿಕೆಯಲ್ಲಿ ಪುಸ್ತಕ ಪರಿಚಯಗಳು ಬರುತ್ತವೆ, ಟೇಲರ್‌ನ ಸುರಪುರ ಎಂದರೆ ಅದರ ಓದುಗರು ಕಿವಿ ನೆಟ್ಟಗಾಗಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಅಮೆರಿಕದ ಕನ್ನಡಿಗರ 'ಅಕ್ಕ' ಸಮ್ಮೇಳನಕ್ಕೆ ಕನ್ನಡ ಆವೃತ್ತಿಯೇ ಸಾಕು. ಟೇಲರ್ ಹೆಸರಿನಿಂದ ಬಾಗಿಲು ತೆರೆಯಬಹುದು, ಆದರೆ ಒಳಗೆ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಸಿಕ್ಕಿ ಜೀವ ತೆತ್ತ ರಾಜಾ ವೆಂಕಟಪ್ಪ ನಾಯಕನ ಕಥೆಗೆ ಅಷ್ಟೇ ಜಾಗವಿರಬೇಕು. ಹೊರಗಿನವರನ್ನು ಒಲಿಸಲು ಊರಿನ ನೆನಪನ್ನು ಕಿರಿದುಮಾಡುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಪುಸ್ತಕವೇಕೆ ಎನ್ನುವವರಿದ್ದಾರೆ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ, 2002ರಿಂದ ಇರುವ ಇ-ಬರ್ಡ್ ಜಾಲತಾಣ ಯಾವ ಹಕ್ಕಿ ಯಾವಾಗ ಕಂಡಿತೆಂದು ಹೇಳುತ್ತದೆ. ಯಾವ ಏರಿಯ ಮೇಲೆ ಬೆಳಗ್ಗೆ ನಿಲ್ಲಬೇಕು, ಯಾರ ಹೊಲ ದಾಟುವಾಗ ಕೇಳಿ ದಾಟಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಪ್ರಚಾರವಾದರೆ ಜನ ಮುತ್ತಿ ಹಕ್ಕಿಗಳೇ ಓಡಿಹೋಗುತ್ತವೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು, ಅದನ್ನು ತಳ್ಳಿಹಾಕಲಾರೆ. ಸಣ್ಣ ಬಳಗವನ್ನೇ ಹುಡುಕಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಗೂಡಿನ ಮರಗಳನ್ನು ನಕಾಶೆಯಲ್ಲಿ ತೋರಿಸಬಾರದು, ದೂರದಿಂದ ನೋಡುವ ಶಿಸ್ತು ಮೊದಲ ಪುಟದಲ್ಲೇ ಇರಬೇಕು. ಆದರೆ ಯಾರಿಗೂ ಗೊತ್ತಿಲ್ಲದ ಕೆರೆಯ ಹೂಳಿಗೆ, ಒತ್ತುವರಿಗೆ ದನಿಯೆತ್ತುವವರೂ ಇರುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿ ಸೇರಿದ್ದರ ಹಿಂದೆ ವರ್ಷಗಟ್ಟಲೆ ಹಕ್ಕಿ ಎಣಿಸಿ ಬರೆದಿಟ್ಟವರ ಶ್ರಮವಿದೆ. ಬೋನಾಳಕ್ಕೂ ಅಂಥ ದಾಖಲೆ ಬೇಕು. ಸರ್ಕಾರವೇ ಈ ಕೈಪಿಡಿ ತರಲಿ ಎಂದು ಕಾಯುವವರಿಗೆ ನನ್ನ ಉತ್ತರ ಇಷ್ಟೆ: ವೇನ್‌ರೈಟ್ ಕಾಯಲಿಲ್ಲ.

ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಸಗರನಾಡಿನಲ್ಲಿ ಇಂಥ ಪುಸ್ತಕ ಬರೆಯುತ್ತಿರುವವರು ಬಿಡುಗಡೆಯನ್ನು ಆ ಗಣತಿಯ ವಾರಕ್ಕೇ ಇಟ್ಟುಕೊಳ್ಳಲಿ, ಸಭಾಭವನ ಬಿಟ್ಟು ಬೋನಾಳದ ಏರಿಯ ಮೇಲೆ ಮಾಡಲಿ, ಮೊದಲ ಪ್ರತಿಯನ್ನು ಬೋನಾಳದ ಶಾಲೆಗೆ ಕೊಡಲಿ.