ವಿಷಗಳಿಂದ ತಿಳಿದುಬಂದ ಗ್ರಾಹಕತತ್ತ್ವ

ನರದ ಆಜ್ಞೆಯನ್ನು ಮಾಂಸಖಂಡವು ಪಾಲಿಸುವುದು ನಿತ್ಯಾನುಭವದ ಸಂಗತಿ. ಆದರೆ ನರವು ಮಾಂಸಖಂಡದಲ್ಲಿ ಬೆರೆತುಹೋಗುವುದಿಲ್ಲ; ಅವೆರಡರ ನಡುವೆ ಅತಿಸೂಕ್ಷ್ಮವಾದ ಅಂತರವೊಂದುಂಟು. ಆಜ್ಞೆಯು ಈ ಅಂತರವನ್ನು ದಾಟುವ ಬಗೆಯನ್ನು ಶರೀರಶಾಸ್ತ್ರಜ್ಞರು ಬಹುಮಟ್ಟಿಗೆ ಅರಿತುದು ವಿಷಗಳ ವರ್ತನೆಯನ್ನು ಪರೀಕ್ಷಿಸಿಯೇ. ಅವುಗಳಲ್ಲಿ ಮುಖ್ಯವಾದವು ಎರಡು: ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಸವರುತ್ತಿದ್ದ ಕುರಾರೆ, ಮತ್ತು ಹೊಗೆಸೊಪ್ಪಿನಲ್ಲಿರುವ ನಿಕೋಟಿನ್.

೧೮೫೦ರ ದಶಕದಲ್ಲಿ ಫ್ರಾನ್ಸಿನ ಕ್ಲೋದ್ ಬೆರ್ನಾರರು ಕುರಾರೆಯನ್ನು ಕಪ್ಪೆಗಳ ಮೇಲೆ ಪ್ರಯೋಗಿಸಿದರು. ಅನಂತರ ನರವನ್ನು ಕೆರಳಿಸಿದರೆ ಮಾಂಸಖಂಡವು ಅಲುಗಲಿಲ್ಲ. ಮಾಂಸಖಂಡವನ್ನೇ ನೇರವಾಗಿ ಕೆರಳಿಸಿದಾಗ ಅದು ಸಂಕುಚಿತವಾಯಿತು. ಮಾಂಸದ ಶಕ್ತಿ ಅಳಿದಿರಲಿಲ್ಲ. ಆಜ್ಞೆಯು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ೧೯೦೫ರಲ್ಲಿ ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲಿಯವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಕೋಳಿಯ ಕಾಲಿನ ನರವನ್ನು ಕಡಿದು, ಅದು ಕ್ಷಯಿಸಿದ ಮೇಲೂ, ನಿಕೋಟಿನ್ ಸೋಕಿದೊಡನೆ ಮಾಂಸಖಂಡವು ಸಂಕುಚಿತವಾಯಿತು. ಕುರಾರೆಯು ಆ ಸಂಕೋಚವನ್ನು ತಡೆಯಿತು. ನರವೇ ಇಲ್ಲದೆಡೆ ಎರಡು ವಿಷಗಳೂ ಒಂದೇ ತಾಣಕ್ಕಾಗಿ ಹೋರಾಡುತ್ತಿದ್ದುವೆಂದ ಮೇಲೆ, ಅವನ್ನು ಸ್ವೀಕರಿಸುವ ದ್ರವ್ಯವೊಂದು ಮಾಂಸಖಂಡದಲ್ಲಿಯೇ ಇರಬೇಕೆಂದು ಅವರು ಊಹಿಸಿದರು. ಈಗ ಗ್ರಾಹಕವೆನಿಸಿಕೊಳ್ಳುವುದು ಇದೇ.

ಈ ಗ್ರಾಹಕವು ವಿಷಕ್ಕಾಗಿ ಹುಟ್ಟಿದುದಲ್ಲ. ನರದ ತುದಿಯಿಂದ ಒಸರುವ ಅಸಿಟೈಲ್‌ಕೋಲಿನ್ ಎಂಬ ರಸವೇ ಅದರ ಸಹಜ ದೂತ. ನರಗಳು ರಸಗಳ ಮೂಲಕ ಆಜ್ಞೆಯನ್ನು ಸಾಗಿಸುವುವೆಂಬುದನ್ನು ಸ್ಥಾಪಿಸಿದುದಕ್ಕಾಗಿ ಹೆನ್ರಿ ಡೇಲ್, ಆಟೊ ಲೋವಿ ಇವರಿಗೆ ೧೯೩೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮಾಂಸಖಂಡದ ಗ್ರಾಹಕವು ಐದು ಪ್ರೋಟೀನುಗಳು ಒಂದು ರಂಧ್ರವನ್ನು ಸುತ್ತುವರಿದು ನಿಂತಂತಹ ರಚನೆ. ಅಸಿಟೈಲ್‌ಕೋಲಿನ್ನಿನ ಎರಡು ಅಣುಗಳು ಅದನ್ನು ಹಿಡಿದೊಡನೆ ರಂಧ್ರವು ತೆರೆಯುತ್ತದೆ, ಸೋಡಿಯಮ್ ಅಯಾನುಗಳು ಒಳನುಗ್ಗುತ್ತವೆ, ಮಾಂಸವು ಸಂಕುಚಿತವಾಗುತ್ತದೆ. ಅನಂತರ ಕಿಣ್ವವೊಂದು ಆ ರಸವನ್ನು ಕ್ಷಣಾರ್ಧದಲ್ಲಿ ಒಡೆದುಬಿಡುತ್ತದೆ.

ನಿಕೋಟಿನ್ನೂ ಈ ರಂಧ್ರವನ್ನು ತೆರೆಯಬಲ್ಲುದು. ಆದರೆ ಆ ಕಿಣ್ವವು ಅದನ್ನು ಒಡೆಯಲಾರದು. ಅದು ಬಹುಕಾಲ ನಿಂತರೆ ಗ್ರಾಹಕವು ಜಡವಾಗುತ್ತದೆ. ಆದುದರಿಂದಲೇ ಹೆಚ್ಚಿನ ಪ್ರಮಾಣದ ನಿಕೋಟಿನ್ ಮೊದಲು ಕೆರಳಿಸಿ, ಬಳಿಕ ಸ್ತಂಭನಗೊಳಿಸುತ್ತದೆ. ಕುರಾರೆಯಾದರೋ ತಾಣವನ್ನು ಆಕ್ರಮಿಸುತ್ತದೆ, ಬಾಗಿಲನ್ನು ತೆರೆಯುವುದಿಲ್ಲ. ನಾಗರಹಾವಿನ ವಿಷದಲ್ಲಿರುವ ಕೆಲವು ಅಂಶಗಳ ಕಾರ್ಯವೂ ಇದೇ. ಉಸಿರಾಟದ ಮಾಂಸಖಂಡಗಳು ಹೀಗೆ ನಿಶ್ಚಲವಾಗುವುದೇ ಸಾವಿಗೆ ಕಾರಣವಾಗಬಹುದು. ಧೂಮಪಾನಿಯ ಕೈಕಾಲುಗಳು ಸೆಟೆಯುವುದಿಲ್ಲವೇಕೆಂದರೆ, ಮಿದುಳಿನ ಗ್ರಾಹಕಗಳ ಘಟಕಗಳು ಬೇರೆ. ಅವು ಅತ್ಯಲ್ಪ ನಿಕೋಟಿನ್ನನ್ನೂ ಬಿಗಿಯಾಗಿ ಹಿಡಿಯುತ್ತವೆ. ನಿತ್ಯಸೇವನೆಯಿಂದ ಮಿದುಳಿನಲ್ಲಿ ಇವುಗಳ ಸಂಖ್ಯೆಯೇ ಹೆಚ್ಚುತ್ತದೆ. ಇನ್ನು ಹೃದಯದಲ್ಲಿರುವ ಗ್ರಾಹಕಗಳು ಮತ್ತೊಂದು ಜಾತಿಯವು. ಅವನ್ನು ತಡೆಯುವುದು ಉಮ್ಮತ್ತಿಯಲ್ಲಿಯೂ ದೊರೆಯುವ ಅಟ್ರೊಪಿನ್, ಕುರಾರೆಯಲ್ಲ.

ಈ ಜ್ಞಾನವು ರೋಗಿಯ ಹಾಸಿಗೆಯವರೆಗೂ ಬಂದಿತು. ಮಯಾಸ್ಥೀನಿಯ ಗ್ರಾವಿಸ್ ಎಂಬ ರೋಗದಲ್ಲಿ ರೆಪ್ಪೆಗಳು ಜೋಲುತ್ತವೆ. ನುಂಗುವುದೂ ಮಾತನಾಡುವುದೂ ಕಷ್ಟವಾಗುತ್ತವೆ. ಈ ಲಕ್ಷಣಗಳು ಕುರಾರೆಯ ವಿಷಲಕ್ಷಣಗಳನ್ನು ಹೋಲುವುದನ್ನು ಕಂಡು, ೧೯೩೪ರಲ್ಲಿ ಇಂಗ್ಲೆಂಡಿನ ವೈದ್ಯೆ ಮೇರಿ ವಾಕರ್ ಅವರು ಕುರಾರೆಯ ಪ್ರತಿವಿಷವಾದ ಫೈಸೊಸ್ಟಿಗ್ಮಿನನ್ನು ರೋಗಿಗೆ ಕೊಟ್ಟರು. ಅದು ಕಿಣ್ವವನ್ನು ತಡೆದು ದೂತರಸವನ್ನು ಉಳಿಸುವ ವಸ್ತು. ರೋಗಿಯ ಬಲವು ಕೆಲಕಾಲ ಮರಳಿತು. ಆ ಹೋಲಿಕೆಯ ಮರ್ಮವು ಹೊರಬಿದ್ದುದು ಬಹುಕಾಲದ ಮೇಲೆ. ೧೯೭೩ರಲ್ಲಿ ಪ್ಯಾಟ್ರಿಕ್, ಲಿಂಡ್‌ಸ್ಟ್ರಾಮ್ ಇವರು ವಿದ್ಯುತ್ತನ್ನು ಹೊಮ್ಮಿಸುವ ಹಾವುಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳ ದೆಸೆಯಿಂದ ಆ ಮೊಲಗಳೂ ಅಂತಹುದೇ ದೌರ್ಬಲ್ಯಕ್ಕೆ ತುತ್ತಾದುವು. ಬಹುಪಾಲು ರೋಗಿಗಳಲ್ಲಿ ದೇಹವು ತನ್ನ ಗ್ರಾಹಕಗಳನ್ನೇ ಹೀಗೆ ಶತ್ರುವೆಂದು ಭಾವಿಸಿ ನಾಶಮಾಡುತ್ತಿರುವುದು ಆಮೇಲೆ ಸಿದ್ಧಪಟ್ಟಿತು.

ಕುರಾರೆಯೂ ವಿಷವಾಗಿಯೇ ಉಳಿಯಲಿಲ್ಲ. ೧೯೪೨ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಗ್ರಿಫಿತ್, ಜಾನ್ಸನ್ ಇವರು ಶಸ್ತ್ರಚಿಕಿತ್ಸೆಯ ವೇಳೆ ಮಾಂಸಖಂಡಗಳನ್ನು ಸಡಿಲಿಸಲು ಅದನ್ನು ಬಳಸಿದರು. ಅದರ ಮಾರ್ಗದಲ್ಲಿಯೇ ವರ್ತಿಸುವ ಹೊಸ ಔಷಧಗಳು ಇಂದಿಗೂ ಶಸ್ತ್ರವೈದ್ಯಕ್ಕೆ ನೆರವಾಗುತ್ತಿವೆ. ಅವುಗಳ ಪರಿಣಾಮವು ಇಳಿಯುವವರೆಗೆ ರೋಗಿಯ ಉಸಿರಾಟವನ್ನು ಯಂತ್ರವು ನಡೆಸುತ್ತದೆ.