ಗಿಟಾರಿನ ಪೆಡಲು ಮೂಕವಾದಾಗ

ಕೆಟ್ಟುಹೋದ ಯಂತ್ರವೊಂದು ಸಂಗೀತಕ್ಕೆ ಹೊಸ ನಾದವನ್ನು ಕೊಟ್ಟಿತೆಂದರೆ ನಂಬುವುದು ಕಷ್ಟ. ಆದರೂ ಅದು ನಡೆದ ಸಂಗತಿ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ಧ್ವನಿಮುದ್ರಣ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರಿನ ದನಿ ಒಡಕಲಾಗಿ ಗೊರಗುಟ್ಟತೊಡಗಿತು. ಧ್ವನಿಯನ್ನು ಬೆರೆಸುವ ಯಂತ್ರದ ಟ್ರಾನ್ಸ್‌ಫಾರ್ಮರೊಂದು ಕೆಟ್ಟುದೇ ಇದಕ್ಕೆ ಕಾರಣ. ಆ ದನಿಯನ್ನು ಹಾಗೆಯೇ ಉಳಿಸಿಕೊಂಡ ಹಾಡು 1961ರಲ್ಲಿ ಹೊರಬಂದು ಜನಪ್ರಿಯವಾಯಿತು. ಬಳಿಕ ಗ್ಲೆನ್ ಸ್ನಾಡಿ ಎಂಬ ಧ್ವನಿಮುದ್ರಣ ಇಂಜಿನಿಯರು ಅದೇ ಕೆಡುಕನ್ನು ಬೇಕೆಂದಾಗ ಉಂಟುಮಾಡುವ ಟ್ರಾನ್ಸಿಸ್ಟರ್ ಮಂಡಲವೊಂದನ್ನು ರಚಿಸಿದರು. 1962ರಲ್ಲಿ ಗಿಬ್ಸನ್ ಕಂಪೆನಿಯು ಅದನ್ನು ಕಾಲಿನಿಂದ ಒತ್ತುವ ಪೆಟ್ಟಿಗೆಯಲ್ಲಿಟ್ಟು ‘ಮೇಸ್ಟ್ರೋ ಫಜ್-ಟೋನ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು.

ಇಂಥ ಪೆಟ್ಟಿಗೆಗಳಲ್ಲಿ ತೀರ ಸರಳವಾದುವುಗಳಲ್ಲೊಂದು 1966ರಲ್ಲಿ ಲಂಡನ್ನಿನಿಂದ ಹೊರಬಂದ ‘ಫಜ್ ಫೇಸ್’. ಇದರಲ್ಲಿ ಎರಡೇ ಟ್ರಾನ್ಸಿಸ್ಟರುಗಳು. ಗಿಟಾರಿನಿಂದ ಬರುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಇವು ಎಷ್ಟು ಹಿಗ್ಗಿಸುತ್ತವೆಂದರೆ, ಅಲೆಯ ನೆತ್ತಿಯು ಬ್ಯಾಟರಿಯ ಮಿತಿಗೆ ತಾಗಿ ಚಪ್ಪಟೆಯಾಗುತ್ತದೆ. ಕಿವಿಗೆ ಒಡಕಾಗಿ ಕೇಳುವುದು ಇದೇ. ಹೀಗೆ ಬೇಕೆಂದೇ ಮಾಡಿದ ಕೆಡುಕಿನ ನಡುವೆ ಬೇಡದ ಕೆಡುಕೊಂದು ಸೇರಿಕೊಂಡರೆ ಅದನ್ನು ಹುಡುಕುವುದು ಹೇಗೆ?

ನಮ್ಮ ಅನುಭವವನ್ನೇ ಹೇಳುತ್ತೇವೆ. ನಾವು ಮೊದಲು ಕಟ್ಟಿದ ಪೆಟ್ಟಿಗೆ ಒಂದು ದಿನ ಚೆನ್ನಾಗಿ ನುಡಿದು ಮರುದಿನ ಮೂಕವಾಯಿತು. ಟ್ರಾನ್ಸಿಸ್ಟರ್ ಸುಟ್ಟಿರಬೇಕೆಂದು ಊಹಿಸಿ ಎರಡನ್ನೂ ಬದಲಾಯಿಸಿದೆವು, ಫಲವಿಲ್ಲ. ಬೆಸುಗೆಗಳನ್ನು ಮತ್ತೆ ಕಾಯಿಸಿದೆವು. ಫಲಕದ ತಾಮ್ರದ ಪಟ್ಟಿಯೊಂದು ಕಿತ್ತು ಬಂದಿತು. ಎರಡು ಸಂಜೆಗಳು ವ್ಯರ್ಥವಾದುವು. ಇದ್ದ ದೋಷ ಒಂದು. ನಾವು ಸೇರಿಸಿದ್ದು ಇನ್ನೊಂದು!

ತಪ್ಪಾದದ್ದೆಲ್ಲಿ? ಊಹೆ ಮಾಡಿದೆವೇ ಹೊರತು ಪ್ರಶ್ನೆ ಕೇಳಲಿಲ್ಲ. ಕಾಲಿನ ಸ್ವಿಚ್ಚನ್ನು ಒಮ್ಮೆ ಒತ್ತಿದರೆ ಸಂಕೇತವು ಟ್ರಾನ್ಸಿಸ್ಟರುಗಳ ಮೂಲಕ ಹೋಗುತ್ತದೆ; ಮತ್ತೊಮ್ಮೆ ಒತ್ತಿದರೆ ಅವುಗಳನ್ನು ಬಳಸಿಕೊಂಡು, ಒಳಜ್ಯಾಕಿನಿಂದ ಹೊರಜ್ಯಾಕಿಗೆ ನೇರವಾಗಿ ಹೋಗುತ್ತದೆ. ನಮ್ಮ ಪೆಟ್ಟಿಗೆ ಎರಡು ಸ್ಥಿತಿಗಳಲ್ಲಿಯೂ ಮೂಕವಾಗಿತ್ತು. ಎಂದಮೇಲೆ ಮೊದಲು ಅನುಮಾನಿಸತಕ್ಕದ್ದು ಎರಡು ದಾರಿಗಳಿಗೂ ಸಮಾನವಾದ ಜ್ಯಾಕು, ಸ್ವಿಚ್ಚು, ತಂತಿಗಳನ್ನೇ ಹೊರತು ಟ್ರಾನ್ಸಿಸ್ಟರನ್ನಲ್ಲ. ಒಂದು ಒತ್ತಿನಲ್ಲಿ ತಿಳಿಯಬಹುದಾಗಿದ್ದುದನ್ನು ನಾವು ಎರಡು ಸಂಜೆ ತಿಳಿಯದೆ ಹೋದೆವು. ಹೊರಜ್ಯಾಕಿನ ತಿರುಪು ಸಡಿಲಗೊಂಡು ಜ್ಯಾಕು ತಿರುಗಿ, ಸಂಕೇತದ ತಂತಿ ಬೆಸೆದಿದ್ದ ಅದರ ಕಿವಿ ಅಲ್ಯೂಮಿನಿಯಂ ಪೆಟ್ಟಿಗೆಯ ಗೋಡೆಗೆ ತಾಗಿತ್ತು. ಪೆಟ್ಟಿಗೆಗೆ ಗ್ರೌಂಡಿನ ಸಂಪರ್ಕವಿರುವುದರಿಂದ ದನಿಯೆಲ್ಲ ಅಲ್ಲಿಯೇ ಇಂಗಿಹೋಗುತ್ತಿತ್ತು. ಜ್ಯಾಕನ್ನು ತಿರುಗಿಸಿ, ತಿರುಪನ್ನು ಬಿಗಿದು, ಒಂದು ತುಂಡು ಇನ್ಸುಲೇಷನ್ ಟೇಪು ಅಂಟಿಸಿದುದೇ ಚಿಕಿತ್ಸೆ.

ಇನ್ನು, ನೇರ ದಾರಿಯಲ್ಲಿ ದನಿ ಬಂದು ಫಜ್ ದಾರಿಯಲ್ಲಿ ಬಾರದಿದ್ದರೆ? ಆಗ ಎರಡನೆಯ ಪ್ರಶ್ನೆ: ಮಂಡಲಕ್ಕೆ ವಿದ್ಯುತ್ತು ತಲುಪುತ್ತಿದೆಯೆ? ಮಲ್ಟಿಮೀಟರಿನಿಂದ ಅಳೆಯಬೇಕು. ಇಲ್ಲಿ ಹೊಸಬರನ್ನು ಮೋಸಗೊಳಿಸುವ ಸಂಗತಿಯೊಂದುಂಟು. ಹಲವು ಪೆಟ್ಟಿಗೆಗಳಲ್ಲಿ ಬ್ಯಾಟರಿಯ ಋಣತಂತಿಯನ್ನು ಒಳಜ್ಯಾಕಿನ ಮೂಲಕವೇ ಕೊಂಡೊಯ್ದಿರುತ್ತಾರೆ. ಗಿಟಾರಿನ ಪ್ಲಗ್ಗನ್ನು ಚುಚ್ಚಿದಾಗಲೇ ಸಂಪರ್ಕ ಕೂಡುತ್ತದೆ. ಪ್ಲಗ್ಗಿಲ್ಲದೆ ಅಳೆದವನಿಗೆ ಸೊನ್ನೆಯೇ ಗತಿ.

ಬಳಿಕ ಟ್ರಾನ್ಸಿಸ್ಟರಿನ ಕಾಲುಗಳು. ಸಿಲಿಕಾನ್ ಟ್ರಾನ್ಸಿಸ್ಟರುಗಳಿಂದ ಕಟ್ಟಿದ, 9 ವೋಲ್ಟಿನ ಫಜ್ ಫೇಸ್‌ನಲ್ಲಿ ಎರಡನೆಯದರ ಕಲೆಕ್ಟರಿನಲ್ಲಿ ಸುಮಾರು 4.5 ವೋಲ್ಟು ಇರತಕ್ಕದ್ದು; ಬೇಸಿಗೂ ಎಮಿಟರಿಗೂ ನಡುವೆ ಸುಮಾರು 0.6 ವೋಲ್ಟು ಇರತಕ್ಕದ್ದು. ಈ ಅಂಕಿಗಳು ತೀರ ಬೇರೆಯಾಗಿದ್ದರೆ ಕಾಲುಗಳು ಅದಲುಬದಲಾಗಿರಬಹುದು. ಚಪ್ಪಟೆ ಮುಖವನ್ನು ನಮ್ಮ ಕಡೆಗೂ ಕಾಲುಗಳನ್ನು ಕೆಳಕ್ಕೂ ಹಿಡಿದರೆ, ಬಿ.ಸಿ. 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2 ಎನ್ 3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ನೋಟಕ್ಕೆ ಅವಳಿ ಮಕ್ಕಳು; ನಡತೆಯಲ್ಲಿ ಎದುರುಬದುರು.

ವೋಲ್ಟುಗಳು ಸರಿಯಿದ್ದೂ ದನಿಯಿಲ್ಲವೆ? ಆಗ ಸಂಕೇತದ ಬೆನ್ನು ಹತ್ತಬೇಕು. ವರ್ಧಕಕ್ಕೆ, ಎಂದರೆ ಆಂಪ್ಲಿಫೈಯರಿಗೆ, ಹೋಗುವ ತಂತಿಯ ಒಳ ಎಳೆಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಬೆಸೆದು, ಅದರ ಇನ್ನೊಂದು ಕಾಲಿಗೆ ಸೂಜಿಯನ್ನು ಕಟ್ಟಬೇಕು. ಹೊರ ಹೆಣಿಗೆಯನ್ನು ಮಂಡಲದ ಗ್ರೌಂಡಿಗೆ ಸೇರಿಸಬೇಕು. ಕೆಪಾಸಿಟರು ಬ್ಯಾಟರಿಯ ನೇರ ಪ್ರವಾಹವನ್ನು ತಡೆದು ದನಿಯ ಸಂಕೇತವನ್ನು ಮಾತ್ರ ಬಿಡುತ್ತದೆ. ಗೆಳೆಯನೊಬ್ಬ ಗಿಟಾರು ಮೀಟುತ್ತಿರಲಿ. ವರ್ಧಕದ ದನಿಯನ್ನು ತಗ್ಗಿಸಿ, ಸೂಜಿಯನ್ನು ಮೊದಲು ದಾರಿಯ ನಡುವೆ, ಎಂದರೆ ಮೊದಲನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಮುಟ್ಟಿಸೋಣ. ದನಿ ಕೇಳಿದರೆ ದೋಷ ಮುಂದಿನ ಅರ್ಧದಲ್ಲಿದೆ. ಕೇಳದಿದ್ದರೆ ಹಿಂದಿನ ಅರ್ಧದಲ್ಲಿ. ಉಳಿದ ಅರ್ಧವನ್ನೂ ಹೀಗೆಯೇ ಅರ್ಧಿಸುತ್ತ ಹೋದರೆ ನಾಲ್ಕೈದು ಮುಟ್ಟುಗಳಲ್ಲಿ, ಸಂಕೇತ ಎಲ್ಲಿ ನಿಂತಿತೆಂಬುದು ಗೊತ್ತಾಗುತ್ತದೆ. ಅಲ್ಲಿ ಹೊಳಪಿಲ್ಲದ ಸಡಿಲ ಬೆಸುಗೆಯೋ ಅಂಟಿಕೊಂಡ ಸೀಸದ ಹನಿಯೋ ಕಣ್ಣಿಗೆ ಬೀಳುವುದು.

ಒಂದು ಎಚ್ಚರಿಕೆ. ಪೆಡಲಿನ 9 ವೋಲ್ಟು ಮೈಗೆ ಅಪಾಯಕಾರಿಯಲ್ಲ. ಆದರೆ ದೋಷವನ್ನು ಹುಡುಕುತ್ತ ವರ್ಧಕದ ಪೆಟ್ಟಿಗೆಯನ್ನು ಬಿಚ್ಚಲೇಕೂಡದು. ಕವಾಟಗಳುಳ್ಳ ವರ್ಧಕದಲ್ಲಿ ನೂರಾರು ವೋಲ್ಟುಗಳಿರುತ್ತವೆ; ಪ್ಲಗ್ಗನ್ನು ಕಿತ್ತ ಮೇಲೂ ಅದರ ಕೆಪಾಸಿಟರುಗಳು ಪ್ರಾಣಾಂತಿಕವಾದ ಆವೇಶವನ್ನು ಹಿಡಿದಿಟ್ಟುಕೊಂಡಿರಬಲ್ಲವು.

ಅಳೆದುದನ್ನು ಪುಸ್ತಕದಲ್ಲಿ ಬರೆದಿಡುವುದು, ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸುವುದು, ಸುಲಭವಾದ ಪ್ರಶ್ನೆಯನ್ನು ಮೊದಲು ಕೇಳುವುದು: ಪ್ರಯೋಗಶಾಲೆಯ ನಿಯಮಗಳು ಇವೇ ಅಲ್ಲವೆ? ಕಾದ ಬೆಸುಗೆಕೋಲನ್ನು ಕೈಗೆತ್ತಿಕೊಳ್ಳುವ ಮುನ್ನ ಸ್ವಿಚ್ಚನ್ನು ಒಮ್ಮೆ ಒತ್ತಿ ಕಿವಿಗೊಡೋಣ. ಪೆಟ್ಟಿಗೆಯ ಮೌನಕ್ಕೂ ಹೇಳುವುದೊಂದಿರುತ್ತದೆ.